ಬೆನ್ನ ಹಿಂದಿನ ಗಾಳಿ

ಮಕ್ಕಳೇ, ಹೋದ ಬೇಸಿಗೆ ರಜೆಗೆ ನನ್ನ ಮೊಮ್ಮಗ ಮೂಲ್ಕಿಯ ನಮ್ಮ ಮನೆಗೆ ಬಂದಿದ್ದ. ಹತ್ತನೇ ತರಗತಿ ಪರೀಕ್ಷೆ ಮುಗಿಸಿದ ಹುಡುಗ. ಮೂರು ರಜೆಗಳಿಂದ ಶಾಂಭವಿ ಹೊಳೆಯಲ್ಲಿ ಪ್ಯಾಡಲ್ ಬೋರ್ಡ್ ಕಲಿಯುತ್ತಿದ್ದಾನೆ. ಉದ್ದದ ಹಲಗೆಯ ಮೇಲೆ ನಿಂತು, ಒಂದೇ ಹುಟ್ಟಿನಿಂದ ನೀರು ತಳ್ಳುತ್ತಾ ಹೋಗುವ ಆಟ ಅದು.

“ಅಜ್ಜೀ, ಈ ಸಲ ಕಡಲಲ್ಲಿ ಡೌನ್‌ವಿಂಡ್ ಹೋಗ್ತೇನೆ” ಅಂದ. ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಅಲೆಯಿಂದ ಅಲೆಗೆ ಜಾರುತ್ತಾ ಸಾಗುವುದಕ್ಕೆ ಆ ಹೆಸರು. ಬೇಸಿಗೆಯ ಮಧ್ಯಾಹ್ನ ನೆಲ ಕಡಲಿಗಿಂತ ಬೇಗ ಕಾಯುತ್ತದೆ. ಅದರ ಮೇಲಿನ ಬಿಸಿಗಾಳಿ ಏರುತ್ತದೆ, ಆ ಜಾಗಕ್ಕೆ ಕಡಲಗಾಳಿ ನುಗ್ಗುತ್ತದೆ. ನಮ್ಮಲ್ಲಿ ಅದು ಹೆಚ್ಚಾಗಿ ವಾಯವ್ಯದಿಂದ ಬೀಸುತ್ತದೆ. ಹಾಗಾಗಿ ಪಡುಬಿದ್ರಿಯಲ್ಲಿ ನೀರಿಗಿಳಿದು, ದಕ್ಷಿಣಕ್ಕೆ ಹೆಜಮಾಡಿಯವರೆಗೆ ಬರುವುದು ಅವನ ಯೋಜನೆ. ಮಾವನೂ ಅವನೂ ಬೆಂಗಳೂರಿನಲ್ಲೇ ಕೂತು, ಮೊಬೈಲಿನ ನಕ್ಷೆ ನೋಡಿ ಎಲ್ಲ ಗೊತ್ತು ಮಾಡಿದ್ದರು.

ನೆರೆಮನೆಯ ಹಿರಿಯರು ಐವತ್ತು ವರ್ಷ ಮೀನು ಹಿಡಿದವರು. ಜಗಲಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡು, ಮೂರೇ ಪ್ರಶ್ನೆ ಹಾಕಿದರು.

“ಎಲ್ಲಿ ದಡ ಹತ್ತುತ್ತೀ? ಆ ಹೊತ್ತಿಗೆ ಉಬ್ಬರವೋ, ಇಳಿತವೋ? ಅಲ್ಲಿ ತಪ್ಪಿದರೆ ಮುಂದೇನು?”

ಮೊದಲನೆಯದಕ್ಕೆ ಹುಡುಗ ಥಟ್ಟನೆ ಉತ್ತರ ಕೊಟ್ಟ. ಎರಡನೆಯದಕ್ಕೆ ಮಾವನ ಮುಖ ನೋಡಿದ. ಮೂರನೆಯದಕ್ಕೆ, “ತಪ್ಪಿದರೆ ಅಳಿವೆಯಿಂದ ಹೊಳೆಯೊಳಗೆ ಬಂದುಬಿಡ್ತೇನೆ. ಹೊಳೆ ಶಾಂತ ಅಲ್ವಾ?” ಅಂದ.

ಹಿರಿಯರು ಬೈಯಲಿಲ್ಲ. ಸಂಜೆ ನಾಲ್ಕಕ್ಕೆ ನಮ್ಮನ್ನೆಲ್ಲ ಹೆಜಮಾಡಿ ಕೋಡಿಗೆ ಕರೆದುಕೊಂಡು ಹೋದರು. ಶಾಂಭವಿ, ನಂದಿನಿ ಎರಡೂ ಹೊಳೆಗಳು ಕೂಡಿ ಕಡಲು ಸೇರುವ ಜಾಗ ಅದು. ಆಗ ಇಳಿತದ ಹೊತ್ತು. ಒಳಗಿನ ನೀರೆಲ್ಲ ಹೊರಗೆ ಓಡುತ್ತಿತ್ತು; ಎದುರಿನಿಂದ ಕಡಲಗಾಳಿ ಅಲೆಗಳನ್ನು ಒಳಗೆ ನೂಕುತ್ತಿತ್ತು. ಎರಡೂ ಎದುರಾದ ಕಡೆ ಅಲೆಗಳು ಗೋಡೆಯ ಹಾಗೆ ಎದ್ದು ಮುರಿದು ಬೀಳುತ್ತಿದ್ದವು. ಹಿರಿಯರು ಒಂದು ಒಣ ತೆಂಗಿನಕಾಯಿ ಎಸೆದರು. ಅದು ತೇಲುತ್ತಾ ಅಳಿವೆಯ ಬಾಯಿಗೆ ಹೋಯಿತು. ಎರಡು ಸಲ ಮುಳುಗಿ ಎದ್ದಿತು. ಮೂರನೇ ಸಲ ನಮಗೆ ಕಾಣಲಿಲ್ಲ.

“ಮರಳದಿಣ್ಣೆಯೂ ಮಳೆಗಾಲ ಕಳೆದ ಮೇಲೆ ಮೊದಲಿನ ಜಾಗದಲ್ಲಿ ಇರುವುದಿಲ್ಲ. ನಿನ್ನ ನಕ್ಷೆಗೆ ಅದು ಗೊತ್ತೇ?” ಅಂದರು. ಹುಡುಗ ಮಾತಾಡಲಿಲ್ಲ.

“ಹಾಗೆ ಆದರೆ ತಿರುಗಿ ಬರಬಹುದಲ್ಲ?” ಎಂದು ನಾನು ಕೇಳಿದೆ. ಅದಕ್ಕೆ ಮೊಮ್ಮಗನೇ ಲೆಕ್ಕ ಹಾಕಿದ. ಗಾಳಿಯ ವೇಗ ಗಂಟೆಗೆ 30 ಕಿಲೋಮೀಟರ್, ಹಲಗೆಯದು 10 ಎಂದುಕೊಳ್ಳಿ. ಜೊತೆಗೆ ಸಾಗುವಾಗ ಬೆನ್ನಿಗೆ ತಾಗುವುದು 20 ಮಾತ್ರ. ತಿರುಗಿ ಎದುರಾದರೆ ಪೂರ್ತಿ 30, ಅದಕ್ಕೂ ಮೇಲೆ. ಗಾಳಿಯ ವೇಗ ಎರಡರಷ್ಟಾದರೆ ಅದರ ತಳ್ಳು ನಾಲ್ಕರಷ್ಟು! ನಿಂತ ಮನುಷ್ಯನೇ ಹಾಯಿಯಾಗಿಬಿಡುತ್ತಾನೆ. ಬೆನ್ನ ಹಿಂದಿನ ಗಾಳಿ ತನ್ನ ಬಲ ತೋರಿಸುವುದಿಲ್ಲ. ತಿರುಗಿ ನಿಂತಾಗಲೇ ತಿಳಿಯುತ್ತದೆ.

ಆ ದಿನ ಯಾರೂ ನೀರಿಗಿಳಿಯಲಿಲ್ಲ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಆದ್ದರಿಂದ ಒಂದು ವಾರ ಕಾದರೆ, ಅದೇ ನಾಲ್ಕು ಗಂಟೆಗೆ ನೀರು ಏರುತ್ತಿರುತ್ತದೆ. ಅಲ್ಲಿಯವರೆಗೆ ಕಾದರು. ಊರಿನ ತರಬೇತುದಾರರನ್ನೂ ಜೊತೆಗೆ ಕರೆದರು. ಮೂವರಿಗೂ ಲೈಫ್ ಜಾಕೆಟ್, ಸೀಟಿ, ಹಲಗೆಗೂ ಕಾಲಿಗೂ ಬಿಗಿದ ಹಗ್ಗ. ಬಿದ್ದವನಿಗೆ ಹಲಗೆಯೇ ದೋಣಿ; ಹಗ್ಗವಿಲ್ಲದಿದ್ದರೆ ಗಾಳಿ ಅದನ್ನು ನಾವು ಈಜುವುದಕ್ಕಿಂತ ಬೇಗ ಒಯ್ಯುತ್ತದೆ.

ನನಗೂ ಒಂದು ಕೆಲಸ ಸಿಕ್ಕಿತು. ಕಡಲಿನಿಂದ ನೋಡಿದರೆ ದಡವೆಲ್ಲ ಒಂದೇ ತೆಂಗಿನ ಸಾಲು. ಅದಕ್ಕೆ ಅಳಿವೆಗಿಂತ ಬಹಳ ಮೊದಲೇ, ಹೆಜಮಾಡಿಯ ದಡದಲ್ಲಿ ಬಿದಿರಿಗೆ ನನ್ನ ಹಳೆಯ ಕೆಂಪು ಸೀರೆ ಕಟ್ಟಿ ನಿಂತೆ. ಸೀರೆ ಕಂಡ ಕೂಡಲೇ ದಡದತ್ತ ತಿರುಗಬೇಕು, ಹತ್ತಿರ ಬರುವವರೆಗೆ ಕಾಯಬಾರದು ಎಂದು ಹಿರಿಯರು ಹೇಳಿಕೊಟ್ಟಿದ್ದರು. ಮೊದಲು ಮೂರು ಚುಕ್ಕೆ, ಆಮೇಲೆ ಮೂರು ತಲೆ. ಹುಡುಗ ಮೊಣಕಾಲೂರಿ ಹುಟ್ಟು ಹಾಕುತ್ತಿದ್ದ. ದಡ ಹತ್ತಿದವನೇ, “ಅಜ್ಜೀ, ಸೀರೆ ಕಾಣದಿದ್ದರೆ ದಾಟಿ ಹೋಗ್ತಿದ್ದೆ” ಅಂದ. ನಾನು ಸೀರೆಯ ಸೆರಗಿನಲ್ಲೇ ಅವನ ತಲೆ ಒರೆಸಿದೆ.

ಮಕ್ಕಳೇ, ಮಳೆಗಾಲದಲ್ಲಿ ಈ ಮಾತೇ ಬೇಡ. ಉಳಿದ ದಿನಗಳಲ್ಲೂ ಒಬ್ಬರೇ ನೀರಿಗಿಳಿಯಬೇಡಿ. ಬೆಳಗಿನ ನೆಲಗಾಳಿ ಇನ್ನೂ ಮೋಸಗಾರ: ದಡದ ನೀರು ನಯವಾಗಿ ಕಾಣುತ್ತದೆ, ಗಾಳಿ ಮಾತ್ರ ಮೆಲ್ಲನೆ ಹೊರಗೆ ಒಯ್ಯುತ್ತದೆ. ಕಡಲಲ್ಲಿ ಯಾರಾದರೂ ಕಷ್ಟದಲ್ಲಿದ್ದರೆ ಕರಾವಳಿ ಕಾವಲು ಪಡೆಯ ಸಂಖ್ಯೆ 1554, ಇಲ್ಲವೇ 112.

ಅಜ್ಜ ಅಜ್ಜಿಯರೇ, ನಿಮಗೂ ಒಂದು ಮಾತು. “ಬೇಡ” ಎಂದಷ್ಟೇ ಹೇಳಿದರೆ ಮಕ್ಕಳು ಕದ್ದು ಹೋಗುತ್ತಾರೆ. ಜೊತೆಗೆ ಕರೆದುಕೊಂಡು ಹೋಗಿ ತೋರಿಸಿ. ಮಕ್ಕಳೇ, ಈ ವಾರ ನಿಮ್ಮೂರಿನ ಕೆರೆಯೋ ಹೊಳೆಯೋ ಕಡಲೋ, ಅದರಲ್ಲಿ ಯಾವ ಜಾಗಕ್ಕೆ ಹೋಗಬಾರದು, ಏಕೆ ಎಂದು ಮನೆಯ ಹಿರಿಯರನ್ನು ಕೇಳಿ ಬರೆದಿಡಿ.