ಚಂಡಮಾರುತವೂ ಗೃಹಸ್ಥರ ಸಿದ್ಧತೆಯೂ

ಚಂಡಮಾರುತವೆಂದೊಡನೆ ಜನರು ಗಾಳಿಗೆ ಅಂಜುವರು. ಆದರೆ ಸಮುದ್ರತೀರದ ಗ್ರಾಮಗಳಲ್ಲಿ ಗಾಳಿಗಿಂತಲೂ ಹೆಚ್ಚಾಗಿ ಪ್ರಾಣಹಾನಿಯನ್ನುಂಟುಮಾಡುವುದು ಗಾಳಿಯ ರಭಸಕ್ಕೆ ನೆಲದ ಮೇಲೆ ಏರಿಬರುವ ಕಡಲ ನೀರು. ೧೯೭೭ನೆಯ ಇಸವಿ ನವಂಬರಿನಲ್ಲಿ ಆಂಧ್ರದ ದಿವಿಸೀಮೆಯಲ್ಲಿಯೂ, ೧೯೯೯ನೆಯ ಇಸವಿ ಅಕ್ಟೋಬರಿನಲ್ಲಿ ಒಡಿಶಾದ ಕರಾವಳಿಯಲ್ಲಿಯೂ ಒಂದೊಂದು ಸಲಕ್ಕೆ ಸುಮಾರು ಹತ್ತು ಸಾವಿರ ಜನರು ಮಡಿದರು. ೨೦೧೩ನೆಯ ಇಸವಿ ಅಕ್ಟೋಬರಿನಲ್ಲಿ ಅದೇ ಒಡಿಶಾಕ್ಕೆ ಫೈಲಿನ್ ಎಂಬ ಪ್ರಬಲವಾದ ಚಂಡಮಾರುತವು ಬಂದಾಗ ಅಲ್ಲಿ ಮೃತರ ಸಂಖ್ಯೆಯು ನೂರನ್ನೂ ಮುಟ್ಟಲಿಲ್ಲ. ಮುನ್ಸೂಚನೆಯು ವೇಳೆಗೆ ಸರಿಯಾಗಿ ದೊರೆತು, ಸುಮಾರು ಹತ್ತು ಲಕ್ಷ ಜನರು ಮೊದಲೇ ಮನೆಗಳನ್ನು ಬಿಟ್ಟು ಆಶ್ರಯಸ್ಥಾನಗಳನ್ನು ಸೇರಿದುದೇ ಇದಕ್ಕೆ ಮುಖ್ಯ ಕಾರಣವು.

ಆದುದರಿಂದ ಗೃಹಸ್ಥನ ಸಿದ್ಧತೆಯೆಂದರೆ ಮನೆಯೊಳಗೆ ಕುಳಿತು ಗಾಳಿಯನ್ನೆದುರಿಸುವ ಸಾಹಸವಲ್ಲ. ಹೇಳಿದ ಹೊತ್ತಿಗೆ ನಿಶ್ಚಿಂತೆಯಿಂದ ಮನೆಯನ್ನು ಬಿಡಲು ಅನುಕೂಲ ಮಾಡಿಕೊಳ್ಳುವುದೇ ನಿಜವಾದ ಸಿದ್ಧತೆ. ರೈತನನ್ನು ಮನೆಯಲ್ಲಿ ತಡೆದು ನಿಲ್ಲಿಸುವವು ಮೂರು: ದನಕರು, ಬಿತ್ತನೆಯ ಬೀಜ, ಕಾಗದಪತ್ರ. ಇವುಗಳಿಗೆ ಭದ್ರತೆ ದೊರೆತರೆ ಅವನು ಹೊರಡಲು ಹಿಂಜರಿಯನು.

ಚಂಡಮಾರುತಗಳ ಹಾವಳಿಯು ಏಪ್ರಿಲಿನಿಂದ ಜೂನಿನವರೆಗೂ, ಅಕ್ಟೋಬರಿನಿಂದ ಡಿಸೆಂಬರಿನವರೆಗೂ ಹೆಚ್ಚು. ೨೦೨೧ನೆಯ ಇಸವಿ ಮೇ ತಿಂಗಳಿನಲ್ಲಿ ತೌಕ್ತೆ ಚಂಡಮಾರುತವು ಕನ್ನಡ ಕರಾವಳಿಗೂ ನಷ್ಟವನ್ನುಂಟುಮಾಡಿತು. ಈ ಕಾಲಕ್ಕೆ ಮೊದಲೇ ಮಾಡಿನ ಹೆಂಚು ತಗಡುಗಳನ್ನು ಬಿಗಿಮಾಡಿಸಿ, ಮನೆಯ ಮೇಲೆ ಬಾಗಿದ ಕೊಂಬೆಗಳನ್ನೂ ಒಣಗಿದ ತೆಂಗಿನ ಗರಿಗಳನ್ನೂ ತೆಗೆಸತಕ್ಕದ್ದು. ಬೀಜವನ್ನು ಚೆನ್ನಾಗಿ ಒಣಗಿಸಿ, ಬಿಗಿಮುಚ್ಚಳದ ಡಬ್ಬಗಳಲ್ಲಿ ತುಂಬಿ, ಎತ್ತರದ ನೆಲದ ಗಟ್ಟಿ ಕಟ್ಟಡದಲ್ಲಿಡಬೇಕು. ಪಹಣಿ, ಪಡಿತರ ಚೀಟಿ ಮೊದಲಾದವು ಪ್ಲಾಸ್ಟಿಕ್ ಚೀಲದಲ್ಲಿರಲಿ. ಅವಲಕ್ಕಿ, ಬೆಲ್ಲ, ಕುಡಿಯುವ ನೀರು, ಔಷಧ, ಬ್ಯಾಟರಿ ದೀಪ ಇವು ಒಂದೇ ಗಂಟಿನಲ್ಲಿ ಸಿದ್ಧವಾಗಿರಲಿ. ದನಗಳನ್ನು ದಿಬ್ಬಕ್ಕೆ ಸಾಗಿಸಲು ಸಾಧ್ಯವಾಗದಿದ್ದರೆ ಹಗ್ಗವನ್ನು ಬಿಚ್ಚಿಬಿಡಬೇಕು; ಕಟ್ಟಿದ ದನಕ್ಕೆ ಈಜುವ ಮಾರ್ಗವೂ ಇಲ್ಲ.

ಗಾಳಿಯು ನಡುವೆ ಏಕಾಏಕಿ ಶಾಂತವಾದರೆ ಆಶ್ರಯದಿಂದ ಹೊರಗೆ ಬರಕೂಡದು. ಅದು ಚಂಡಮಾರುತದ ಕಣ್ಣು. ಸ್ವಲ್ಪ ಹೊತ್ತಿನಲ್ಲಿಯೇ ಎದುರು ದಿಕ್ಕಿನಿಂದ ಮತ್ತೆ ಬಿರುಗಾಳಿಯು ಬೀಸುವುದು. ಎಲ್ಲವೂ ಕಳೆದ ಮೇಲೆಯೂ ಕಡಿದುಬಿದ್ದ ವಿದ್ಯುತ್ ತಂತಿಯನ್ನು ಮುಟ್ಟದೆ, ನೀರನ್ನು ಕುದಿಸಿಯೇ ಕುಡಿಯಬೇಕು.

ಇಷ್ಟನ್ನೂ ಬಡ ಕೂಲಿಕಾರನು ತಾನೊಬ್ಬನೇ ಮಾಡಲಾರನು. ಅವನ ಗುಡಿಸಲು ತಗ್ಗಿನಲ್ಲಿರುವುದು. ಜಮೀನುದಾರರ ಮನೆ ಕಣಜಗಳು ಎತ್ತರದಲ್ಲಿರುವುವು. ಅವನ ಎರಡು ದನಗಳಿಗೂ ಒಂದು ಡಬ್ಬ ಬೀಜಕ್ಕೂ ಅಲ್ಲಿ ಎಡೆಕೊಡುವುದು ಜಮೀನುದಾರರಿಗೆ ಭಾರವಾಗಲಾರದು. ಕೊಯ್ಲಿನ ಕಾಲದಲ್ಲಿ ಎಚ್ಚರಿಕೆ ಬಂದಾಗ ಪೈರನ್ನುಳಿಸುವ ಆತುರದಿಂದ ಆಳುಗಳನ್ನು ಗದ್ದೆಯಲ್ಲಿ ನಿಲ್ಲಿಸಿಕೊಳ್ಳುವುದು ತರವಲ್ಲ. ಆ ದಿನದ ಕೂಲಿಯನ್ನು ಕೊಟ್ಟು ಅವರನ್ನು ಕಳುಹಿಸುವುದೇ ನ್ಯಾಯ. ಕಳೆದ ಸಲದ ಎಚ್ಚರಿಕೆಯು ಸುಳ್ಳಾಯಿತೆಂದು ಕೆಲವರು ಆಕ್ಷೇಪಿಸಬಹುದು. ಗಾಳಿಯು ದಾರಿ ತಪ್ಪಿದರೆ ನಷ್ಟವು ಒಂದು ದಿನದ ಕೆಲಸ. ಎಚ್ಚರಿಕೆಯನ್ನು ಕಡೆಗಣಿಸಿದ ದಿನ ಅದು ಬಂದರೆ ನಷ್ಟವು ಮನುಷ್ಯರು. ಗ್ರಾಮದ ಮುಖಂಡರು ತಾವೇ ಮೊದಲು ಮನೆಯನ್ನು ಬಿಟ್ಟು ಹೊರಟರೆ ಊರು ಅವರ ಹಿಂದೆ ಹೊರಡುವುದು.