ಅಡ್ಡಹೆಸರು ನೋಡಿ ಏಳು ತಲೆಮಾರು ಹೇಳಬಹುದೇ?

ಅಡ್ಡಹೆಸರು ಕೊಟ್ಟರೆ ಸಾಕು, ಏಳು ತಲೆಮಾರಿನ ವಂಶವೃಕ್ಷ ಸಿಗುತ್ತದೆ ಎನ್ನುವಂಥ ಲಿಂಕುಗಳು ನಿಮ್ಮ ಗುಂಪಿಗೂ ಬಂದಿರಬಹುದು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಮನೆತನಗಳನ್ನು ನೋಡಿದರೆ ಇದು ಏಕೆ ಆಗದ ಮಾತು ಎಂಬುದು ಗೊತ್ತಾಗುತ್ತದೆ.

ಇಲ್ಲಿನ ಪಾಟೀಲ, ಮಾಲಿಪಾಟೀಲ, ಪೊಲೀಸ್ ಪಾಟೀಲ, ಕುಲಕರ್ಣಿ ಎಂಬ ಹೆಸರುಗಳು ಹುದ್ದೆಯಿಂದ ಬಂದವು. ಕಂದಾಯ ವಸೂಲಿ ಒಬ್ಬರದು, ಊರಿನ ಬಂದೋಬಸ್ತು ಇನ್ನೊಬ್ಬರದು, ಲೆಕ್ಕ ಬರೆಯುವುದು ಮತ್ತೊಬ್ಬರದು. ಹಾಗಾಗಿ ಲಿಂಗಾಯತರಲ್ಲೂ ಮರಾಠರಲ್ಲೂ ಮುಸ್ಲಿಮರಲ್ಲೂ ಪಾಟೀಲರಿದ್ದಾರೆ. ಕಂಬಾರ, ಬಡಿಗೇರ ಕಸುಬಿನ ಹೆಸರುಗಳು. ಊರಿನ ಹೆಸರಂತೂ ಊರು ಬಿಟ್ಟವರಿಗೇ ಅಂಟುತ್ತದೆ. ಜೇವರ್ಗಿಯಲ್ಲೇ ಉಳಿದವರನ್ನು ‘ಜೇವರ್ಗಿ’ ಎಂದು ಯಾರು ಕರೆಯುತ್ತಾರೆ? ಎರಡು ಊರಿನ ಇಬ್ಬರು ಪಾಟೀಲರು ದಾಯಾದಿಗಳಾಗಿರಲೇಬೇಕಿಲ್ಲ.

ಲೆಕ್ಕವೂ ಹೊಂದುವುದಿಲ್ಲ. ನಮಗೆ ತಂದೆತಾಯಿ 2, ಅವರ ತಂದೆತಾಯಿ 4. ಹೀಗೆ ಏಳನೆಯ ಮೆಟ್ಟಿಲಿಗೆ 128 ಸ್ಥಾನಗಳಾಗುತ್ತವೆ. ಅಡ್ಡಹೆಸರು ಹಿಡಿದು ಹೋದರೆ ಸಿಗುವುದು ಅದರಲ್ಲಿ ಒಬ್ಬರು. ಸೋದರಿಕೆಯಲ್ಲೇ ಕೊಟ್ಟು ತರುವ ಮನೆಗಳಲ್ಲಿ ಒಬ್ಬರೇ ಎರಡು ಕಡೆ ಬರುವುದೂ ಉಂಟು. ಅಕ್ಕನ ಮಗಳನ್ನು ಮದುವೆಯಾದವರ ಮಕ್ಕಳಿಗೆ ಅಪ್ಪನ ಕಡೆಯ ಅಜ್ಜನೇ ಅಮ್ಮನ ಕಡೆಯ ಮುತ್ತಜ್ಜ!

ಹಾಗಾದರೆ ದಾರಿ ಯಾವುದು? ಮೊದಲು ಮನೆಯ ಹಿರಿಯರು. ಇಸವಿ ಕೇಳಬೇಡಿ. ‘ರಜಾಕಾರರ ಹಾವಳಿಗೆ ಮೊದಲೋ ಆಮೇಲೋ’, ‘1972ರ ಬರದಾಗ ಮಗು ಎಷ್ಟು ದೊಡ್ಡದಿತ್ತು’ ಎಂದು ಕೇಳಿ. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವುದರಿಂದ ಒಂದೇ ಮನೆಯಲ್ಲಿ ಮೂವರು ಶರಣಬಸಪ್ಪ ಸಿಗಬಹುದು. ಪ್ರತಿ ಹೆಸರಿನ ಪಕ್ಕ ಹೆಂಡತಿಯ ಹೆಸರು ಬರೆದರೆ ಗೊಂದಲ ಕಡಿಮೆ. ಉತ್ತರ ಕರ್ನಾಟಕದಲ್ಲಿ ಊರೂರು ತಿರುಗಿ ಮನೆತನದ ಸಾಲು ಹೇಳುವ ಹೆಳವರು ಈ ವಿದ್ಯೆಯಲ್ಲಿ ಎಲ್ಲ ಆ್ಯಪ್‌ಗಳಿಗಿಂತ ಹಿರಿಯರು. ಆದರೆ ಅವರು ಹೇಳುವುದೂ ಹೆಚ್ಚಾಗಿ ಗಂಡು ಸಾಲನ್ನೇ.

ಆಮೇಲೆ ಕಾಗದ. ಈ ಭಾಗ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಹಳೆಯ ಜಮೀನು ದಾಖಲೆಗಳು ಉರ್ದುವಿನಲ್ಲಿವೆ, ವರ್ಷ ಫಸಲಿಯಲ್ಲಿದೆ. ಫಸಲಿಗೆ 590 ಕೂಡಿಸಿ. 1340 ಫಸಲಿ ಎಂದರೆ 1930–31. ಅದನ್ನೇ ಹಿಜರಿ ಎಂದು ಓದಿದರೆ 1921–22 ಆಗಿ, ಅಪ್ಪನ ಜಾಗದಲ್ಲಿ ಅಜ್ಜ ಕೂತುಬಿಡುತ್ತಾನೆ. ಉರ್ದು ಓದಬಲ್ಲ ಹಿರಿಯರು ಇರುವಾಗಲೇ ಈ ಕೆಲಸ ಮುಗಿಸಿಕೊಳ್ಳುವುದು ಜಾಣತನ.

ಇನ್ನೊಂದು ತಪ್ಪು ನಂಬಿಕೆ, ಮದುವೆಯಾಗಿ ಹೋದ ಮಗಳ ಹೆಸರು ವಂಶವೃಕ್ಷದಲ್ಲಿ ಬರಬಾರದು ಎಂಬುದು. ಫೌತಿ ಖಾತೆಗಾಗಿ ನಾಡಕಚೇರಿಯಲ್ಲಿ ವಂಶವೃಕ್ಷ ಪ್ರಮಾಣಪತ್ರ ಕೇಳುವಾಗ ಅಕ್ಕತಂಗಿಯರನ್ನು ಬಿಟ್ಟು ಬರೆಸುವವರಿದ್ದಾರೆ. ಇದು ಸುಳ್ಳು ಮಾಹಿತಿ ಕೊಟ್ಟಂತೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ತಂದೆ ಅದಕ್ಕೂ ಮೊದಲೇ ತೀರಿಕೊಂಡಿದ್ದರೂ ಆ ಹಕ್ಕು ಇದೆ ಎಂದು 2020ರ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ಸರಿಯಾಗಿ ನೋಂದಣಿಯಾದ ಪಾಲುಗಳನ್ನು ಮಾತ್ರ ಮತ್ತೆ ತೆರೆಯಲಾಗುವುದಿಲ್ಲ. ಲಿಂಗಾಯತರಿಗೂ ಜೈನರಿಗೂ ಇದೇ ಕಾಯ್ದೆ. ಮುಸ್ಲಿಮರ ನಿಯಮ ಬೇರೆ, ಅಲ್ಲೂ ಮಗಳಿಗೆ ಪಾಲು ಇದ್ದೇ ಇದೆ. ಮದುವೆಯಲ್ಲಿ ಹೆಸರು ಬದಲಾಗಿದ್ದರೆ ತವರಿನ ಹೆಸರು, ಗಂಡನ ಮನೆಯ ಹೆಸರು ಎರಡನ್ನೂ ಬರೆಯಿರಿ.

ಹೆಣ್ಣುಮಕ್ಕಳನ್ನು ಬಿಟ್ಟ ಪಟ್ಟಿ ಆಸ್ಪತ್ರೆಯಲ್ಲೂ ಕೈಕೊಡುತ್ತದೆ. ಗಾಯವಾದರೆ ರಕ್ತ ಬೇಗ ನಿಲ್ಲದ ಹಿಮೋಫೀಲಿಯಾ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಗಂಡುಮಕ್ಕಳಲ್ಲಿ, ಬಹಳಷ್ಟು ಸಲ ದಾಟಿ ಬರುವುದು ತಾಯಿಯಿಂದ. ತಾತನ ಕಾಯಿಲೆ ಆರೋಗ್ಯವಾಗಿಯೇ ಇರುವ ಮಗಳ ಮೂಲಕ ಮೊಮ್ಮಗನಿಗೆ ಬರಬಹುದು. ಆದ್ದರಿಂದ ವೈದ್ಯರು ಕೇಳುವ ಪ್ರಶ್ನೆಗಳಲ್ಲಿ ಸೋದರಮಾವಂದಿರ ವಿಚಾರವೂ ಇರುತ್ತದೆ: ಅವರಲ್ಲಿ ಯಾರಿಗಾದರೂ ಹೀಗಾಗಿತ್ತೇ, ಚಿಕ್ಕಂದಿನಲ್ಲೇ ಯಾರಾದರೂ ತೀರಿಕೊಂಡಿದ್ದರೇ?