ಕಂಬಿ ಕಟ್ಟುವ ಮೊದಲು ತುಕ್ಕು ನೋಡಿ

ಹಳೆಯ ಕಾಂಟೆಸ್ಸಾ ಕೊಂಡು ಅದನ್ನು ಸ್ಪೋರ್ಟ್ಸ್ ಕಾರಿನ ಹಾಗೆ ತಿರುವುಗಳಲ್ಲಿ ಓಡಿಸಬೇಕೆಂಬ ಆಸೆ ಬೆಂಗಳೂರಿನಲ್ಲೂ ಇದೆ, ಕೋಲ್ಕತ್ತದಲ್ಲೂ ಇದೆ. ಆಸೆ ತಪ್ಪಲ್ಲ. ದುಡ್ಡು ಖರ್ಚು ಮಾಡುವ ಕ್ರಮ ಮಾತ್ರ ತಲೆಕೆಳಗಾಗಿದೆ. ಮೊದಲು ಬಾನೆಟ್ ಅಡಿಗೆ ಹೊಳೆಯುವ ಕಂಬಿ, ಆಮೇಲೆ ಕತ್ತರಿಸಿದ ಸ್ಪ್ರಿಂಗ್, ಕೊನೆಗೆ ಹಣ ಉಳಿದರೆ ಟೈರು. ಇದರಿಂದ ಹಣ ಪೋಲಾಗುವುದಷ್ಟೇ ಅಲ್ಲ, ಕಾರು ಮೊದಲಿಗಿಂತ ಅಪಾಯಕಾರಿ ಆಗುತ್ತದೆ ಎಂಬುದು ನನ್ನ ವಾದ.

ನಾನಿರುವ ದಕ್ಷಿಣೇಶ್ವರದಿಂದ ಹೂಗ್ಲಿ ನದಿ ದಾಟಿ, ಬಾಲಿಯಿಂದ ಉತ್ತರಕ್ಕೆ ಹೊರಟರೆ ಉತ್ತರಪಾಡಾ ಸಿಗುತ್ತದೆ. ಅದರ ಮುಂದಿನ ಲೋಕಲ್ ರೈಲು ನಿಲ್ದಾಣದ ಹೆಸರೇ ಹಿಂದ್ ಮೋಟರ್. ಹಿಂದೂಸ್ತಾನ್ ಮೋಟರ್ಸ್ ಕಾರ್ಖಾನೆ ಊರಿಗೇ ಹೆಸರು ಕೊಟ್ಟಿತು. 2014ರ ಮೇ ತಿಂಗಳವರೆಗೆ ಅಂಬಾಸಿಡರ್ ತಯಾರಾದದ್ದು ಇಲ್ಲೇ. 1984ರಿಂದ 2002ರವರೆಗೆ ಕಾಂಟೆಸ್ಸಾ ಹೊರಬಂದದ್ದೂ ಇಲ್ಲಿಂದಲೇ. ಅದರ ಮೂಲ 1970ರ ದಶಕದ ಬ್ರಿಟಿಷ್ ಕಾರು ವಾಕ್ಸ್‌ಹಾಲ್. ಮೊದಲಿಗೆ ಅಂಬಾಸಿಡರ್‌ನ 1.5 ಲೀಟರ್ ಎಂಜಿನ್ ಇತ್ತು, ಆಮೇಲೆ ಇಸುಝು ಕಂಪನಿಯ 1.8 ಲೀಟರ್ ಎಂಜಿನ್ ಬಂತು. ಎಂಜಿನ್‌ಗೆ ಬಲ ಬಂದರೂ ಕಾರಿನ ನಡೆ ಮಾತ್ರ ಮೆತ್ತಗೆ ತೂಗಾಡುವ ಕುಟುಂಬದ ಕಾರಿನದೇ ಆಗಿ ಉಳಿಯಿತು. ಈಗಿನ ಹವ್ಯಾಸಿಗಳು ಸರಿಪಡಿಸಲು ಹೊರಟಿರುವುದು ಈ ಕೊರತೆಯನ್ನೇ.

ಕಂಬಿಯ ಕೆಲಸ ಏನೆಂದು ತಿಳಿಯಲು ದಕ್ಷಿಣೇಶ್ವರದ ಘಾಟ್‌ನಲ್ಲಿ ನಿಂತು ವಿವೇಕಾನಂದ ಸೇತುವೆ ನೋಡಿದರೆ ಸಾಕು. ರೈಲನ್ನೂ ವಾಹನಗಳನ್ನೂ ಹೊರುವ ಆ ಉಕ್ಕಿನ ಸೇತುವೆಯ ಬಲ ಇರುವುದು ತ್ರಿಕೋನಗಳಲ್ಲಿ. ಚೌಕವನ್ನು ಒತ್ತಿದರೆ ಅದು ಓರೆಯಾಗುತ್ತದೆ, ತ್ರಿಕೋನ ಆಗುವುದಿಲ್ಲ. ಕಾರಿನ ದೇಹವೂ ತಿರುವಿನಲ್ಲಿ ಸ್ವಲ್ಪ ತಿರುಚಿಕೊಳ್ಳುತ್ತದೆ. ದೇಹ ಬಾಗಿದರೆ ಚಕ್ರದ ಕೋನ ತಪ್ಪುತ್ತದೆ, ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಮಾಡಬೇಕಾದ ಕೆಲಸವನ್ನು ತಗಡು ಮಾಡತೊಡಗುತ್ತದೆ. ಸರಿಯಾದ ಜಾಗಕ್ಕೆ ಹಾಕಿದ ಕಂಬಿ ಇದನ್ನು ತಡೆಯುತ್ತದೆ. ಛಾವಣಿ ಇಲ್ಲದ ಸ್ಪೋರ್ಟ್ಸ್ ಕಾರುಗಳಲ್ಲಿ ಅದರ ಉಪಯೋಗ ಚೆನ್ನಾಗಿ ಅನುಭವಕ್ಕೆ ಬರುತ್ತದೆ, ಏಕೆಂದರೆ ಛಾವಣಿಯೂ ದೇಹವನ್ನು ಬಿಗಿಹಿಡಿಯುವ ಒಂದು ಅಂಗ.

ಆದರೆ ಕಾಂಟೆಸ್ಸಾದ ಮುಂಭಾಗದಲ್ಲಿ ಇಂದಿನ ಸಣ್ಣ ಕಾರುಗಳ ಮ್ಯಾಕ್‌ಫರ್ಸನ್ ಸ್ಟ್ರಟ್ ಇಲ್ಲ, ಎರಡು ವಿಷ್‌ಬೋನ್‌ಗಳ ಜೋಡಣೆ ಇದೆ. ಸ್ಟ್ರಟ್ ಇರುವ ಕಾರಿನಲ್ಲಿ ಹೊರೆ ನೇರ ಬಾನೆಟ್ ಅಡಿಯ ಎರಡು ಗುಬುಟುಗಳ ಮೇಲೆ ಬೀಳುತ್ತದೆ. ಅವೆರಡನ್ನೂ ಜೋಡಿಸುವ ಕಂಬಿಗೆ ಅಲ್ಲಿ ಅರ್ಥವಿದೆ. ಹೊರೆ ಬೇರೆ ದಾರಿಯಲ್ಲಿ ಹೋಗುವ ಕಾರಿಗೂ ಅದೇ ಕಂಬಿ ಬಿಗಿದರೆ ಅದು ಬರಿ ಅಲಂಕಾರ.

ಇನ್ನೂ ದೊಡ್ಡ ವಿಷಯ ತುಕ್ಕು. ಕಾಂಟೆಸ್ಸಾಗೆ ಲಾರಿಯಂತೆ ಪ್ರತ್ಯೇಕ ಚಾಸಿ ಇಲ್ಲ. ತಗಡಿನ ದೇಹವೇ ಚಾಸಿ. ಬಾಗಿಲ ಕೆಳಗಿನ ಟೊಳ್ಳು ಪೆಟ್ಟಿಗೆಗಳೇ ಅದರ ಬೆನ್ನೆಲುಬು. ಕೋಲ್ಕತ್ತದ ಮಳೆಗಾಲದಲ್ಲಿ ನಿಂತ ನೀರು, ಮಂಗಳೂರಿನ ಉಪ್ಪುಗಾಳಿ ಎರಡೂ ತಿನ್ನುವುದು ಈ ಜಾಗವನ್ನೇ. ಹೊರಗೆ ಹೊಸ ಬಣ್ಣ, ಒಳಗೆ ಪುಡಿ. ಅಂಥ ದೇಹಕ್ಕೆ ಕಂಬಿ ಕಟ್ಟಿದರೆ ಹೊರೆ ಪಕ್ಕದ ದುರ್ಬಲ ತಗಡಿಗೆ ಹೋಗಿ ಅಲ್ಲಿ ಸೀಳು ಬಿಡುತ್ತದೆ. ಕೊಳೆತ ಭಾಗ ಕತ್ತರಿಸಿ, ಅಷ್ಟೇ ದಪ್ಪದ ಹೊಸ ತಗಡು ಬೆಸುಗೆ ಹಾಕಿಸುವುದೇ ಹಳೆ ಕಾರಿಗೆ ಮಾಡಬಹುದಾದ ಅತ್ಯುತ್ತಮ ಬಿಗಿ.

ಸ್ಪ್ರಿಂಗ್ ವಿಚಾರದಲ್ಲೂ ಹೀಗೆಯೇ. ಕತ್ತರಿಸಿದ ಸ್ಪ್ರಿಂಗ್ ಗಡುಸಾಗುತ್ತದೆ, ಚಕ್ರ ಮೇಲೆ ಕೆಳಗೆ ಆಡುವ ಜಾಗ ಕಡಿಮೆಯಾಗುತ್ತದೆ. ಹಳೆ ಶಾಕ್ ಅಬ್ಸಾರ್ಬರ್‌ಗೆ ಅದನ್ನು ಹಿಡಿದಿಡುವ ಶಕ್ತಿ ಇರುವುದಿಲ್ಲ. ಕಾರು ತಿರುವಿನಲ್ಲಿ ವಾಲುವುದು ಕಡಿಮೆಯಾದ ಮಾತ್ರಕ್ಕೆ ಹಿಡಿತ ಹೆಚ್ಚಿತೆಂದು ಅಲ್ಲ. ಹೊರಗಿನ ಚಕ್ರಗಳ ಮೇಲೆ ಒಟ್ಟು ಎಷ್ಟು ಭಾರ ಸರಿಯುತ್ತದೆ ಎಂಬುದನ್ನು ಮುಖ್ಯವಾಗಿ ತೀರ್ಮಾನಿಸುವುದು ವೇಗ, ಭಾರದ ಎತ್ತರ ಮತ್ತು ಚಕ್ರಗಳ ನಡುವಿನ ಅಗಲ. ಗಡುಸು ಸ್ಪ್ರಿಂಗ್ ಬದಲಿಸುವುದು ಆ ಭಾರ ಮುಂದೆ ಎಷ್ಟು, ಹಿಂದೆ ಎಷ್ಟು ಎಂಬ ಹಂಚಿಕೆಯನ್ನು. ಮುಂಭಾಗವನ್ನಷ್ಟೇ ಗಡುಸು ಮಾಡಿದರೆ ಸ್ಟೀರಿಂಗ್ ತಿರುಗಿಸಿದರೂ ಕಾರು ನೇರ ಹೋಗಲು ನೋಡುತ್ತದೆ. ಗುಂಡಿ ಬಿದ್ದ ರಸ್ತೆಯಲ್ಲಿ, ಒದ್ದೆಯಾದ ಟ್ರಾಮ್ ಹಳಿಯ ಮೇಲೆ, ಚಕ್ರ ನೆಲ ಬಿಟ್ಟು ಪುಟಿದರೆ ಬ್ರೇಕೂ ಇಲ್ಲ, ಸ್ಟೀರಿಂಗೂ ಇಲ್ಲ.

ಆದ್ದರಿಂದ ಖರ್ಚಿನ ಕ್ರಮ ಹೀಗಿರಲಿ: ಮೊದಲು ತುಕ್ಕು, ಆಮೇಲೆ ಸವೆದ ರಬ್ಬರ್ ಬುಷ್ ಮತ್ತು ಬಾಲ್ ಜಾಯಿಂಟ್, ನಂತರ ಒಳ್ಳೆಯ ಟೈರು, ಹೊಸ ಶಾಕ್ ಅಬ್ಸಾರ್ಬರ್, ಅಲೈನ್‌ಮೆಂಟ್. ಇಷ್ಟಾದ ಮೇಲೂ ಬೇಕೆನಿಸಿದರೆ ಸ್ಪ್ರಿಂಗ್, ಕಂಬಿ. ಕೋಲ್ಕತ್ತದ ಮಲ್ಲಿಕ್ ಬಜಾರ್ ಇರಲಿ, ಬೆಂಗಳೂರಿನ ಜೆ.ಸಿ. ರಸ್ತೆ ಇರಲಿ, ಪಟ್ಟಿಯ ಮೊದಲ ಅರ್ಧ ಮುಗಿಯುವಷ್ಟರಲ್ಲಿ ಎಷ್ಟೋ ಮಂದಿಗೆ ಉಳಿದರ್ಧ ಬೇಡವೆನಿಸುತ್ತದೆ.

ಕೆ-1000 ರ‍್ಯಾಲಿಯಲ್ಲಿ ಓಡುವ ಕಾರುಗಳು ಬಿಗಿ ಮಾಡಿದವೇ ಅಲ್ಲವೇ ಎಂದು ಕೇಳಬಹುದು. ಹೌದು. ಆದರೆ ಅಲ್ಲಿ ಪಂಜರ, ಸಸ್ಪೆನ್ಷನ್, ಟೈರು ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಸ್ಪರ್ಧೆಗೆ ಮೊದಲು ಕಾರಿನ ತಪಾಸಣೆಯೂ ನಡೆಯುತ್ತದೆ. ಬೀದಿಯ ಕಾರಿಗೆ ಆ ತಪಾಸಣೆ ಇಲ್ಲ.

ಕಾನೂನಿನ ನಿಲುವು ಇಲ್ಲಿ ಕಠಿಣ, ಜೊತೆಗೆ ಮೊಂಡು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗುವಂತೆ ವಾಹನ ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಸೆರೆ ಎನ್ನುತ್ತದೆ. 50 ವರ್ಷ ದಾಟಿದ ವಿಂಟೇಜ್ ವಾಹನಗಳಿಗೆ 2021ರಲ್ಲಿ ಬೇರೆ ನಿಯಮ ಬಂದಿದೆ, ಕಾಂಟೆಸ್ಸಾಗೆ ಇನ್ನೂ ಆ ವಯಸ್ಸಾಗಿಲ್ಲ.

ಕಿವಿ ಒಡೆಯುವ ಸೈಲೆನ್ಸರ್‌ಗೆ ದಂಡ ಬೀಳಲೇಬೇಕು. ಆದರೆ ಹಳೆ ಕಾರಿಗೆ ಒಳ್ಳೆಯ ಶಾಕ್ ಅಬ್ಸಾರ್ಬರ್ ಹಾಕಿಸಿದವನನ್ನೂ ಸ್ಪ್ರಿಂಗ್ ಕತ್ತರಿಸಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಬದಲಾವಣೆಗಳಿಗೆ ಮಾನದಂಡ ಗೊತ್ತುಮಾಡುವ ಅಧಿಕಾರವನ್ನು ಅದೇ ಸೆಕ್ಷನ್ ಕೇಂದ್ರಕ್ಕೆ ಕೊಟ್ಟಿದೆ. ಬಿಡಿಭಾಗವನ್ನು ಪುಣೆಯ ಎಆರ್‌ಎಐನಂಥ ಸಂಸ್ಥೆ ಪರೀಕ್ಷಿಸಲಿ, ಜೋಡಿಸಿದ ಗ್ಯಾರೇಜ್ ಸಹಿ ಹಾಕಲಿ, ಆರ್‌ಟಿಒ ಅದನ್ನು ಆರ್‌ಸಿಯಲ್ಲಿ ದಾಖಲಿಸಲಿ. ಕೆಲಸ ಕದ್ದುಮುಚ್ಚಿ ನಡೆಯುವವರೆಗೆ ಕಾರಿನ ಕೆಳಗೆ ಮಲಗಿ ನೋಡುವವರು ಯಾರೂ ಇರುವುದಿಲ್ಲ. ಅದರ ಬೆಲೆ ತೆರಬೇಕಾದವರಲ್ಲಿ ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ನಡೆದು ಹೋಗುವವರೂ ಇದ್ದಾರೆ.